ಹಿಂಬಾಗಿಲಿನ ಯೂರಿಯಾ

ಕಡೂರಿನಲ್ಲಿ ರುದ್ರಮೂರ್ತಿಯ ಗೊಬ್ಬರದ ಅಂಗಡಿ ಮುಂದೆ ಜನರಿಗಿಂತ ಮೊದಲು ಚಪ್ಪಲಿಗಳು ಸಾಲಾಗಿ ನಿಂತಿದ್ದವು. ಸವೆದ ಹವಾಯಿ ಚಪ್ಪಲಿ, ನೀರಿನ ಬಾಟಲಿ, ಮಡಿಸಿದ ಚೀಲ, ಇಡಲು ಏನೂ ಇಲ್ಲದವರದು ಒಂದು ಕಲ್ಲು. ಬಸ್ಸಿಳಿದು ಬಂದವರು ತಮ್ಮ ಜಾಗಕ್ಕೆ ಇವನ್ನಿಟ್ಟು ಎದುರಿನ ಹೊಂಗೆ ಮರದಡಿ ಕೂತಿದ್ದರು. ಯಾರೂ ಇನ್ನೊಬ್ಬರ ಚಪ್ಪಲಿಯನ್ನು ಹಿಂದಕ್ಕೆ ತಳ್ಳುತ್ತಿರಲಿಲ್ಲ. ಬೀದಿಯಲ್ಲಿ ಅಷ್ಟು ನಿಯತ್ತಿತ್ತು. ಅಂಗಡಿಯೊಳಗಿನ ಕಥೆ ಬೇರೆ.

ಮಳೆ ಈ ಸಲ ಕೈಕೊಟ್ಟಿರಲಿಲ್ಲ. ರಾಗಿ ಚೆನ್ನಾಗಿ ಎದ್ದಿತ್ತು, ಕಳೆ ತೆಗೆದಾಗಿತ್ತು. ಈಗ ಯೂರಿಯಾ ಎರಚಿದರೆ ತೆನೆ ತುಂಬುತ್ತದೆ, ಇಲ್ಲದಿದ್ದರೆ ಪೈರು ಹಳದಿ ತಿರುಗಿ ಅಲ್ಲೇ ಕೂರುತ್ತದೆ. ಅದಕ್ಕೇ ಸಿಂಗಟಗೆರೆ ಕಡೆಯ ಜನ ಹೊಲ ಬಿಟ್ಟು ಬಂದು ಇಲ್ಲಿ ಕಾಯುತ್ತಿದ್ದರು. ಹೋದ ವಾರವೇ ರುದ್ರಮೂರ್ತಿ ಅವರಿಂದ ದುಡ್ಡು ಕಟ್ಟಿಸಿಕೊಂಡು, ಮೆಷಿನ್ನಿನ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. "ಲೋಡು ಬಂದ ತಕ್ಷಣ ಮೂಟೆ ನಿಮ್ದೇ" ಎಂದಿದ್ದ. ಸರ್ಕಾರದ ಲೆಕ್ಕದಲ್ಲಿ ಆ ಮೂಟೆಗಳು ಆಗಲೇ ರೈತರ ಹೊಲ ಸೇರಿಬಿಟ್ಟಿದ್ದವು.

ನಿಜವಾಗಿ ಅವು ಇದ್ದದ್ದು ಅದೇ ಅಂಗಡಿಯ ಹಿಂದಿನ ಗೋಡೌನಿನಲ್ಲಿ. ಬಾಗಿಲು ಹಾಕಿಕೊಂಡು ಅವುಗಳ ಹೊಲಿಗೆ ಬಿಚ್ಚುತ್ತಿದ್ದವನು ಭೈರೇಶ. ಸಿಂಗಟಗೆರೆಯವನೇ. ರುದ್ರಮೂರ್ತಿಯ ಲಾರಿ ಡ್ರೈವರ್.

ಲಾರಿ ಹೊಸದು. ಹೊಸ ಲಾರಿಗಳಿಗೆ ಡೀಸೆಲ್ ಒಂದೇ ಸಾಲದು. ಪಕ್ಕದಲ್ಲೊಂದು ಚಿಕ್ಕ ಟ್ಯಾಂಕು ಇರುತ್ತದೆ, ಅದಕ್ಕೆ ಡೆಫ್ ಎನ್ನುವ ನೀರಿನಂಥ ದ್ರವ ಹಾಕಬೇಕು, ಹೊಗೆಯ ವಿಷ ಕಳೆಯಲು. ಅದು ಮುಗಿದರೆ ಇಂಜಿನ್ನು ಶಕ್ತಿ ಕಳೆದುಕೊಂಡು ತೆವಳುತ್ತದೆ. ಕೆಲವು ದಿನಗಳಿಂದ ಎಲ್ಲ ಡ್ರೈವರುಗಳ ಫೋನಿನಲ್ಲಿ ಒಂದೇ ಸುದ್ದಿ. ಎಲ್ಲೋ ಯುದ್ಧವಂತೆ, ಹಡಗುಗಳು ನಿಂತಿವೆಯಂತೆ, ಇನ್ನು ಡೆಫ್ ಸಿಗುವುದೇ ಇಲ್ಲವಂತೆ. ಯಾವ ಸಮುದ್ರ, ಯಾವ ಹಡಗು ಎಂದರೆ ಯಾರಿಗೂ ಗೊತ್ತಿಲ್ಲ. ಲಾರಿಯವರು ಹೆದರಿ ಒಂದು ಬಕೆಟ್ಟು ಬೇಕಾದಲ್ಲಿ ನಾಲ್ಕು ಕೊಂಡಿಟ್ಟುಕೊಂಡರು. ತರೀಕೆರೆಯಿಂದ ಅಜ್ಜಂಪುರದವರೆಗೆ ಬಂಕುಗಳೆಲ್ಲ ಖಾಲಿಯಾದವು. ಅಂತೆಕಂತೆ ಸುದ್ದಿ ಹೀಗೆ ನಿಜವಾಗಿ ಕೂತಿತು.

ರುದ್ರಮೂರ್ತಿ ಡೆಫ್ ಕೂಡ ಮಾರುತ್ತಿದ್ದ. "ನಂದೂ ಮುಗೀತು" ಎಂದು ಎಲ್ಲರಿಗೂ ಹೇಳಿದ್ದ. ಆಮೇಲೆ ಭೈರೇಶನನ್ನು ಗೋಡೌನಿಗೆ ಕರೆದ.

"ಲೇ ಭೈರೇಶ, ಡೆಫ್ ಅಂದ್ರೆ ಏನೋ? ಯೂರಿಯಾ, ನೀರು. ಅಷ್ಟೇ ತಾನೇ? ಕಲ್ಸು."

"ಸಾವ್ಕಾರ್ರೇ, ಅದನ್ನ ಫ್ಯಾಕ್ಟ್ರೀಲಿ ಮಾಡೋದು. ಇದು ಹೊಲದ ಗೊಬ್ರ, ಬೇವಿನೆಣ್ಣೆ ಬಳ್ದಿರ್ತಾರೆ. ಪಂಪು ಕಟ್ಕೊಂತದೆ."

"ಪಂಚೇಲಿ ಸೋಸು."

"ಆದ್ರೂ..."

"ಬ್ಯಾಡ್ವಾ? ಸರಿ ಬಿಡು. ಗಾಡಿ ನಿಲ್ಸ್ತೀನಿ. ನೀನೂ ಮನೇಲಿ ಆರಾಮಾಗಿರು."

ಆ ಆರಾಮಿನ ಅರ್ಥ ಭೈರೇಶನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಪಂಚೆ ಹುಡುಕಲು ಹೋದ.

ಡ್ರಮ್ಮಿಗೆ ನೀರು ಸಾಲದೆ ಕೊಡ ಹಿಡಿದು ಅಂಗಡಿ ಪಕ್ಕದ ನಲ್ಲಿಗೆ ಬಂದಾಗ ಸಾಲಿನಲ್ಲಿ ಒಂದು ನೀಲಿ ಚಪ್ಪಲಿ ಕಣ್ಣಿಗೆ ಬಿತ್ತು. ಕಿತ್ತ ಬಾರಿಗೆ ಪಿನ್ನು ಚುಚ್ಚಿತ್ತು. ಆ ಪಿನ್ನು ಚುಚ್ಚಿಕೊಟ್ಟವನು ಅವನೇ. ಅವನ ಅವ್ವ ಸುಲೋಚನಮ್ಮನ ಚಪ್ಪಲಿ. ಕೊಡ ಅರ್ಧವೂ ತುಂಬಿರಲಿಲ್ಲ, ಹಾಗೇ ಎತ್ತಿಕೊಂಡು ಒಳಗೆ ಓಡಿದ.

ಸ್ವಲ್ಪ ಹೊತ್ತಿಗೆ ಗೋಡೌನಿನ ತಗಡಿನ ಗೋಡೆಯ ಆಚೆಯಿಂದ ಅವ್ವನ ದನಿ ಕೇಳಿಸಿತು.

"ಸ್ವಾಮಿ, ಹೋದ್ವಾರ ಹೆಬ್ಬೆಟ್ಟು ಕೊಟ್ಟೋಗಿದ್ನಲ್ಲ. ಒಂದೇ ಮೂಟೆ ಕೊಟ್ಬುಡಿ. ರಾಗಿ ಕಾಯ್ತಾ ಐತೆ."

"ಎಲ್ಲಿಂದ ಕೊಡ್ಲಮ್ಮ? ಹಡಗೇ ಬಂದಿಲ್ಲ. ಫೋನ್ ನೋಡಲ್ವಾ ನೀವು?"

"ನಮ್ ರಾಗಿಗೂ ಹಡಗ್ಗೂ ಏನ್ ಸ್ವಾಮಿ ಸಂಬಂಧ?"

ಯಾರೋ ನಕ್ಕರು. ರುದ್ರಮೂರ್ತಿಯೂ ನಕ್ಕ. "ನಾಳೆ ನಾಡಿದ್ದು ಬಂದು ನೋಡಮ್ಮ" ಎಂದ.

ಭೈರೇಶನ ಕೈ ಮೊಣಕೈವರೆಗೆ ಡ್ರಮ್ಮಿನಲ್ಲಿತ್ತು. ಒಂದು ಕೂಗು ಹಾಕಿದ್ದರೆ ಸಾಕಿತ್ತು, ಅವ್ವನಿಗೆ ಕೇಳಿಸುತ್ತಿತ್ತು. ಅವನು ಕೂಗಲಿಲ್ಲ. ಸದ್ದಾಗದಂತೆ ಮೆಲ್ಲಗೆ ಕಲಸಿದ. ತನ್ನ ಬಗ್ಗೆ ಅವನಿಗೆ ಅಷ್ಟು ಹೇಸಿಗೆ ಹಿಂದೆಂದೂ ಆಗಿರಲಿಲ್ಲ.

ಸಂಜೆ ಮನೆಯಲ್ಲಿ ಸುಲೋಚನಮ್ಮ ಅವನ ಅಂಗಿಯನ್ನು ನೆನೆಹಾಕಲು ಎತ್ತಿಕೊಂಡವಳು ಮೂಗಿನ ಹತ್ತಿರ ಹಿಡಿದಳು.

"ಏನ್ಲಾ ಇದು, ಬೇವಿನ ವಾಸ್ನೆ?"

"ಬೇವಿನ ಹಿಂಡಿ ಲೋಡಿತ್ತು ಕಣಮ್ಮ."

ಬದುಕಿಡೀ ಯೂರಿಯಾವನ್ನು ಬರಿಗೈಯಲ್ಲಿ ಎರಚಿದವಳು ಅವಳು. ಹಿಂಡಿಯ ವಾಸನೆ ಯಾವುದು, ಗೊಬ್ಬರದ ವಾಸನೆ ಯಾವುದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮಗನ ಬಿಳಿಚಿದ ಬೆರಳುಗಳನ್ನು ನೋಡಿದಳು. ಏನೂ ಕೇಳದೆ ಮುದ್ದೆ ಬಡಿಸಿದಳು.

ಮರುದಿನ ಭೈರೇಶ ಕಲಸಿದ್ದನ್ನು ಲಾರಿಯ ಚಿಕ್ಕ ಟ್ಯಾಂಕಿಗೆ ಸುರಿದು ಹೊರಟ. ಅಜ್ಜಂಪುರದಲ್ಲಿ ಈರುಳ್ಳಿ ತುಂಬಿದರು. ಅದನ್ನು ಬೆಳೆದ ರೈತ ಬೆನಕಪ್ಪನೂ ತನ್ನ ಮಾಲಿನ ಜೊತೆ ಬೆಂಗಳೂರಿಗೆ ಹೊರಟು ಪಕ್ಕದ ಸೀಟಿನಲ್ಲಿ ಕೂತ. ಬೀರೂರು ದಾಟಿತು, ಕಡೂರು ದಾಟಿತು. ಬಾಣಾವರದ ಹತ್ತಿರ ಮೀಟರಿನ ಮೇಲೆ ಕೆಂಪು ದೀಪ ಹತ್ತಿತು. ಆಕ್ಸಿಲರೇಟರ್ ಒತ್ತಿದರೂ ಗಾಡಿ ಏಳಲಿಲ್ಲ. ಹಿಂದಿನಿಂದ ಬಂದ ಸೈಕಲ್ಲಿನವನು ಮುಂದೆ ಹೋದ.

"ಏನಾಯ್ತಪ್ಪಾ?" ಎಂದ ಬೆನಕಪ್ಪ.

"ಡೆಫ್ ಪ್ರಾಬ್ಲಮ್ಮು ಯಜಮಾನ್ರೇ."

ಬೇರೆ ಲಾರಿ ಹುಡುಕಿ ಚೀಲ ಬದಲಾಯಿಸುವ ಹೊತ್ತಿಗೆ ಮಾರ್ಕೆಟ್ಟಿನ ಸಮಯ ಮೀರಿತ್ತು. ಬೆನಕಪ್ಪ ಬೈಯಲಿಲ್ಲ. ರಸ್ತೆ ಪಕ್ಕ ಕೂತು ತನ್ನ ಬುತ್ತಿ ಬಿಚ್ಚಿ, ಅರ್ಧ ರೊಟ್ಟಿ ಮುರಿದು ಭೈರೇಶನ ಕೈಗಿಟ್ಟ. "ತಿನ್ನಪ್ಪ. ಮಿಷಿನ್ ಕೆಟ್ರೆ ನೀನೇನ್ ಮಾಡ್ತೀಯಾ" ಎಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಲಾರಿ ತೆವಳುತ್ತಾ ಕಡೂರಿಗೆ ವಾಪಸು ಬಂತು. ಕಂಪನಿಯ ಮೆಕ್ಯಾನಿಕ್ ಟ್ಯಾಂಕಿನ ಮುಚ್ಚಳ ತೆಗೆದು ಮುಖ ಕಿವುಚಿದ. ಮೇಲೆ ಎಣ್ಣೆ ತೇಲುತ್ತಿತ್ತು, ಪೈಪಿನ ತುಂಬ ಬಿಳಿ ಹರಳು ಕಟ್ಟಿತ್ತು.

"ಯಾರ್ರೀ ಗೊಬ್ಬರ ಕಲ್ಸಿ ಹಾಕಿದ್ದು? ವಾರಂಟಿ ಹೋಯ್ತು. ಅದು ಬಿಡಿ, ಇದು ಸಬ್ಸಿಡಿ ಯೂರಿಯಾ. ಕೇಸಾಗುತ್ತೆ."

ರುದ್ರಮೂರ್ತಿ ಭೈರೇಶನ ಹೆಗಲ ಮೇಲೆ ಕೈಹಾಕಿ ಪಕ್ಕಕ್ಕೆ ಕರೆದೊಯ್ದ. ಅಷ್ಟು ವರ್ಷದಲ್ಲಿ ಅವನು ಹಾಗೆ ಹೆಗಲು ಮುಟ್ಟಿರಲಿಲ್ಲ.

"ಯಾರಾದ್ರೂ ಕೇಳಿದ್ರೆ ನೀನೇ ಹಾಕ್ದೆ ಅನ್ನು. ಗೊತ್ತಾಗ್ದೆ ಹಾಕ್ದೆ ಅನ್ನು. ಮಿಕ್ಕಿದ್ದು ನಾನ್ ನೋಡ್ಕೋತೀನಿ. ನಿನ್ ಡ್ಯೂಟಿ ಎಲ್ಲೂ ಹೋಗಲ್ಲ."

ಭೈರೇಶ ತಲೆಯಾಡಿಸಿದ.

ಆದರೆ ಕಡೂರು ಎಷ್ಟು ದೊಡ್ಡ ಊರು? ಲಾರಿಗೆ ಗೊಬ್ಬರ ಹಾಕಿದ್ದಾರೆಂಬ ಮಾತು ಬೆಳಗಾಗುವುದರೊಳಗೆ ಚಪ್ಪಲಿ ಸಾಲಿಗೆ ಬಂದು ಮುಟ್ಟಿತ್ತು. ಅವತ್ತು ಯಾರೂ ಮರದ ಕೆಳಗೆ ಕೂರಲಿಲ್ಲ. ಎಲ್ಲ ಅಂಗಡಿ ಕಟ್ಟೆಯ ಹತ್ತಿರ ಬಂದು ಗಟ್ಟಿಯಾಗಿ ಕೇಳತೊಡಗಿದರು. ರುದ್ರಮೂರ್ತಿ ಹೊರಗೆ ಬಂದು ಭೈರೇಶನ ತೋಳು ಹಿಡಿದು ಮುಂದಕ್ಕೆ ಎಳೆದ.

"ನನ್ನೇನ್ ಕೇಳ್ತೀರಾ? ಇವನ್ನ ಕೇಳಿ! ನಿಮ್ಮ ಕಡೆಯೋನೇ. ನಿಮ್ ಯೂರಿಯಾ ಕದ್ದು ಲಾರಿಗೆ ಕುಡ್ಸಿದಾನೆ. ಪಾಪ ಅಂತ ಕೆಲ್ಸ ಕೊಟ್ರೆ ನನ್ ಮನೆ ಅನ್ನಕ್ಕೇ ಮಣ್ ಹಾಕ್ದ."

ಬೈಗುಳ ಶುರುವಾಯಿತು. ಯಾರೋ ಕಳ್ಳ ಎಂದರು, ಯಾರೋ ಉಗಿದರು. ಭೈರೇಶ ತಲೆ ಎತ್ತಲಿಲ್ಲ. ಜನರ ನಡುವಿನಿಂದ ಸುಲೋಚನಮ್ಮ ಬರಿಗಾಲಲ್ಲಿ ಮುಂದೆ ಬಂದಳು. ಚಪ್ಪಲಿ ಸಾಲಿನಲ್ಲಿತ್ತು.

"ಹೌದೇನ್ಲಾ?"

ಹೌದು ಎಂದು ಸುಮ್ಮನಾದರೆ ಕೆಲಸ ಉಳಿಯುತ್ತಿತ್ತು. ಇಲ್ಲ ಎಂದರೆ ಸುಳ್ಳಾಗುತ್ತಿತ್ತು.

"ಹೌದು ಕಣಮ್ಮ. ಕಲ್ಸಿದ್ದು ನಾನೇ."

"ಕೇಳಿಸ್ಕೊಂಡ್ರಲ್ಲ!" ಎಂದ ರುದ್ರಮೂರ್ತಿ.

"ನೀನ್ ಇಲ್ಲಿ ಮೂಟೆ ಕೇಳ್ತಾ ನಿಂತಿದ್ಯಲ್ಲ, ಆಗ್ಲೂ ಕಲಸ್ತಿದ್ದೆ. ರಾಗಿ ಕಾಯ್ತಾ ಐತೆ ಅಂದ್ಯಲ್ಲ, ಅದೂ ಕೇಳಿಸ್ತು. ಬಾಯ್ ಬಿಡ್ಲಿಲ್ಲ. ಹೊಟ್ಟೆಪಾಡು ಅಂದ್ಕೊಂಡೆ." ಅವನು ರುದ್ರಮೂರ್ತಿಯ ಕಡೆ ಕೈ ತೋರಿಸಿದ. "ಕಲ್ಸು ಅಂದೋರು ಇವ್ರು. ನಿಮ್ ಮೂಟೆ ಎಲ್ಲೂ ಹೋಗಿಲ್ಲ. ಹಿಂದ್ಗಡೆ ಗೋಡೌನ್ನಾಗೆ ಅವೆ."

ಸುಲೋಚನಮ್ಮ ಮಗನಿಗೆ ಹೊಡೆಯಲಿಲ್ಲ, ಅಳಲೂ ಇಲ್ಲ.

"ಬೀಗದಕೈ ಯಾರತ್ರ ಐತೆ?"

ಭೈರೇಶ ಜೇಬಿಗೆ ಕೈಹಾಕಿದ. ಲಾರಿ ಕೀ ಜೊತೆಗೇ ಇತ್ತು.

"ಲೇ, ಪೊಲೀಸ್ರನ್ನ ಕರೀತೀನಿ!" ರುದ್ರಮೂರ್ತಿ ಅಡ್ಡ ನಿಂತ.

"ಕರೀರಿ ಸ್ವಾಮಿ" ಎಂದಳು ಸುಲೋಚನಮ್ಮ. "ಆ ಮಿಷಿನ್ನೂ ಹೊರಗೆ ತನ್ನಿ. ನಮ್ ಹೆಬ್ಬೆಟ್ಟು ಅದ್ರಾಗೈತೆ. ಪೊಲೀಸ್ರೂ ನೋಡ್ಲಿ."

ಜನ ಬಾಗಿ ತಮ್ಮ ತಮ್ಮ ಚಪ್ಪಲಿ, ಬಾಟಲಿ, ಕಲ್ಲು ಎತ್ತಿಕೊಂಡರು. ಓಣಿ ಸುತ್ತಿ ಹಿಂಬಾಗಿಲಿಗೆ ಹೋಗಿ ಅಲ್ಲಿ ಮತ್ತೆ ಅದೇ ಸಾಲಿನಲ್ಲಿ ಇಟ್ಟರು. ಒಬ್ಬರದೂ ಹಿಂದುಮುಂದಾಗಲಿಲ್ಲ. ಭೈರೇಶ ಬೀಗ ತೆಗೆದ.

ಮೂಟೆಗಳು ಸೂರಿನವರೆಗೆ ಇದ್ದವು. ಮೂಲೆಯಲ್ಲಿ 'ಔಷಧಿ, ಮುಟ್ಟಬೇಡ' ಎಂದು ರುದ್ರಮೂರ್ತಿ ಹೇಳುತ್ತಿದ್ದ ರಾಶಿಯ ಮೇಲಿನ ಟಾರ್ಪಾಲನ್ನು ಒಬ್ಬಾಕೆ ಎಳೆದಳು. ಡೆಫ್ ಬಕೆಟ್ಟುಗಳು. ಇನ್ನಷ್ಟು ರೇಟು ಏರಲಿ ಎಂದು ತನ್ನ ಲಾರಿಗೂ ಹಾಕದೆ ಬಚ್ಚಿಟ್ಟಿದ್ದ.

"ಓಹೋ, ಹಡಗು ಇಲ್ಲೇ ನಿಂತೈತಲ್ರೇ!" ಎಂದಳು ಅವಳು.

ಭೈರೇಶ ಒಂದೊಂದೇ ಮೂಟೆ ಎತ್ತಿಕೊಟ್ಟ. ಯಾರೂ ಅವನ ಮುಖ ನೋಡಲಿಲ್ಲ, ಅವನೂ ನೋಡಲಿಲ್ಲ. ನೀಲಿ ಚಪ್ಪಲಿಯ ಸರದಿ ಬಂತು. ಅವ್ವನ ತಲೆಗೆ ಹೊರಿಸಲು ಮೂಟೆಗೆ ಕೈಹಾಕಿದ.

"ಬುಡು. ಮುಟ್ಬೇಡ."

ಊರಿನ ಇಬ್ಬರು ಹೆಂಗಸರು ಮೂಟೆ ಎತ್ತಿ ಅವಳ ತಲೆಗಿಟ್ಟರು. ಕತ್ತಿನ ನರ ಉಬ್ಬಿತು. ಅವಳು ಬರಿಗಾಲಲ್ಲೇ ರಸ್ತೆಗಿಳಿದಳು. ಭೈರೇಶ ಚಪ್ಪಲಿ ಎತ್ತಿಕೊಂಡು ಹಿಂದೆ ಓಡಿ, ಎಲ್ಲರ ಎದುರಿಗೇ ಕುಕ್ಕರುಗಾಲಲ್ಲಿ ಕೂತು ಅವಳ ಕಾಲ ಬಳಿ ಇಟ್ಟ.

"ಕೇಸು ನನ್ಮೇಲೇ ಹಾಕ್ಸ್ತಾರೆ ಕಣಮ್ಮ."

"ಹಾಕ್ಸ್ಲಿ. ಇವತ್ತು ಹೇಳ್ದಂಗೇ ಅಲ್ಲೂ ಹೇಳು."

ಅವಳು ಕೆಳಗೆ ನೋಡದೆ ಕಾಲಿನಲ್ಲೇ ತಡಕಿ ಚಪ್ಪಲಿ ಮೆಟ್ಟಿದಳು. ಅವನು ಇನ್ನೂ ಕೂತೇ ಇದ್ದ.

"ಏನ್ಲಾ ಕುಂತೆ? ಇನ್ನೂ ಜನ ನಿಂತವ್ರೆ. ಹೋಗು, ಅವ್ರ ಮೂಟೆ ಅವ್ರಿಗೆ ಕೊಡು."