ಚಹಾದಂಗಡಿಯ ತಪ್ಪಲೆ

ನಮ್ಮ ಹವಾಲ್ದಾರರ ಮಗಳ ಮದುವೆ ನಾಡಿದ್ದು. ರಜೆ ಕೇಳಿದರೆ ಕ್ಯಾಪ್ಟನ್ ಸಾಹೇಬರು, "ಮೊದ್ಲು ಆ ದರೋಡೆಕೋರರ ವಿಷಯ ಇತ್ಯರ್ಥ ಮಾಡು. ದೂರು ಕೊಟ್ಟವರೇ ವೈರ್‌ಲೆಸ್‌ನಲ್ಲಿ 'ಇನ್ನು ಭಯವಿಲ್ಲ' ಅಂತ ನಂಗೆ ಹೇಳ್ಬೇಕು. ಆಮೇಲೆ ರಜೆ" ಎಂದುಬಿಟ್ಟರು. ಹೆಣ್ಣು ಹೆತ್ತವರ ಕಷ್ಟ ಆ ಬ್ರಹ್ಮಚಾರಿಗೇನು ಗೊತ್ತು? ಅಂತೂ ನಾವು ಐದು ಜನ ಬೆಳಗ್ಗೆಯೇ ಗಸ್ತು ಹೊರಟೆವು. ನಾನು ಅಡುಗೆಯವನು, ಬಂದೂಕಿನ ಜೊತೆಗೆ ಪಾತ್ರೆಗಳ ಗೋಣಿಚೀಲವೂ ನನ್ನ ಬೆನ್ನಿಗೇ.

ದಾರಿಯುದ್ದಕ್ಕೂ ಸುದ್ದಿ ಬೆಳೆಯುತ್ತಲೇ ಹೋಯಿತು. ಗಿರಣಿಯವನು ದರೋಡೆಕೋರರು ಹದಿನೈದು ಎಂದ. ಕ್ಷೌರದಂಗಡಿಯವನು ನಲವತ್ತಕ್ಕೇರಿಸಿ ಕುದುರೆಗಳನ್ನೂ ಕೊಟ್ಟ. ಇಬ್ಬರೂ ಕಣ್ಣಾರೆ ಕಂಡವರಲ್ಲ. ಕಂಡವಳು ಒಬ್ಬಳೇ, ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯ ಅಜ್ಜಿ. ದೂರು ಕೊಟ್ಟವಳೂ ಅವಳೇ. ಅವಳ ಅಂಗಡಿಗೇ ಹೋಗಿ ಕುಳಿತು ವಿಚಾರಿಸಿದೆವು.

"ಐದೇ ಜನ ಕಣಪ್ಪಾ. ಮುಖಕ್ಕೆಲ್ಲ ಮಸಿ ಬಳ್ಕೊಂಡಿದ್ರು. ಬಾಯಿ ಬಿಡ್ಲಿಲ್ಲ, ಬರೀ ಕೈಸನ್ನೆ. ಹಿತ್ತಲಲ್ಲಿ ಬೋರಲು ಹಾಕಿದ್ದ ನನ್ನ ದೊಡ್ಡ ತಪ್ಪಲೆ ಎತ್ಕೊಂಡು ಹೋದ್ರು. ಅದರ ಹಿಡಿ ಮುರಿದಿತ್ತು, ತಂತಿ ಸುತ್ತಿದ್ದೆ."

ಆ ತಪ್ಪಲೆಯ ಮೇಲೆಯೇ ನಾನು ಕುಳಿತಿದ್ದೆ, ಗೋಣಿಚೀಲದ ಸಮೇತ. ಕಳೆದ ತಿಂಗಳು ಸಾಹೇಬರು ಅಡಗಿ ಸಾಗುವ ಅಭ್ಯಾಸವೆಂದು ನಮ್ಮ ಐವರಿಗೂ ಮಸಿ ಬಳಿಸಿ, ಬಾಯಿಗೆ ಬೀಗ ಹಾಕಿಸಿ ಕಾಡುಮೇಡು ಅಲೆಸಿದ್ದರು. ನಮ್ಮ ಪಾತ್ರೆ ಹೊಳೆಪಾಲಾಗಿತ್ತು. ಐದು ಹೊಟ್ಟೆಗೆ ಬೇಯಿಸಬೇಕಲ್ಲ, ಎರವಲು ಎತ್ತಿಕೊಂಡೆವು. ಕೇಳಿ ತರೋಣವೆಂದರೆ ಮಾತಾಡಕೂಡದೆಂಬ ಆಜ್ಞೆ. ಹಿಂದಿರುಗಿಸಲು ಮರೆತದ್ದು ಮಾತ್ರ ನನ್ನದೇ ತಪ್ಪು.



"ಬೆಂಚಿದೆಯಲ್ಲೋ, ಮೂಟೆ ಮೇಲೆ ಯಾಕೆ ಕೂತಿದ್ದೀಯಾ?" ಎಂದಳು ಅಜ್ಜಿ. ಎದ್ದೆ. ಚೀಲ ಠಣ್ಣೆಂದಿತು.

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ತಪ್ಪಲೆ ಹೊರಬಂತು. ಅಜ್ಜಿ ತಂತಿ ಸವರಿ ನೋಡಿ, ಆಮೇಲೆ ಹವಾಲ್ದಾರರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ತಪ್ಪಾಯ್ತಮ್ಮಾ," ಎಂದರು ಅವರು. "ನಾಡಿದ್ದು ಮಗಳ ಮದುವೆ. ನಾಲ್ಕು ಗಂಟೆ ಬಸ್ಸು ತಪ್ಪಿದ್ರೆ ಮದುವೆಗೆ ಅಪ್ಪನೇ ಇರಲ್ಲ. ಸಾಹೇಬ್ರಿಗೊಂದು ಮಾತು ಹೇಳ್ಬಿಡಿ."

"ಮೊದ್ಲು ಇದನ್ನ ಉಜ್ಜಿ. ಇದ್ರಲ್ಲಿ ನನ್ನ ಮುಖ ಕಾಣ್ಬೇಕು."

ಬಂದೂಕುಗಳನ್ನು ಗೋಡೆಗೊರಗಿಸಿ ಐವರೂ ಬೂದಿ, ನಾರು ಹಿಡಿದು ಕುಕ್ಕರಗಾಲಲ್ಲಿ ಕುಳಿತೆವು. ಮೂರೂ ಮುಕ್ಕಾಲಾದರೂ ಅಜ್ಜಿಯದು ಒಂದೇ ರಾಗ: "ತಳ ಇನ್ನೂ ಕಪ್ಪಿದೆ." ಬಸ್ಸು ಬಂದು ಹಾರನ್ ಹೊಡೆದಾಗ ಹವಾಲ್ದಾರರ ಕಣ್ಣು ತುಂಬಿತ್ತು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಅಜ್ಜಿ ಕೈ ಎತ್ತಿದಳು. ದಿನವೂ ಅವಳ ಚಹಾ ಕುಡಿಯುವ ಡ್ರೈವರ್ ಬಸ್ಸು ನಿಲ್ಲಿಸಿಕೊಂಡ. ಅವಳು ನಮ್ಮ ವೈರ್‌ಲೆಸ್ ಹಿಡಿದಳು.

"ಸಾಹೇಬ್ರೇ, ಇನ್ನು ಭಯವಿಲ್ಲ. ದರೋಡೆಕೋರ್ರು ಸಿಕ್ರು, ಐದೂ ಜನ. ಕೆಟ್ಟವರೇನಲ್ಲ, ಬುದ್ಧಿ ಸ್ವಲ್ಪ ಕಮ್ಮಿ."

"ಭೇಷ್! ಐವರನ್ನೂ ಕಟ್ಟಿ ಇಲ್ಲಿಗೆ ಕಳ್ಸಿ."

"ಒಬ್ಬನ ಮಗಳ ಮದುವೆಯಂತೆ. ಅವನನ್ನ ಬಸ್ಸು ಹತ್ತಿಸ್ಬಿಟ್ಟೆ."

ಮದುವೆಯೆಂದ ಕೂಡಲೇ ಆ ಐವರು ಯಾರು, ಮಸಿ ಬಳಿಸಿದ್ದು ಯಾರು ಎಂದು ಸಾಹೇಬರಿಗೆ ಹೊಳೆದಿರಬೇಕು. ಗರಗರ ಸದ್ದಿನ ನಡುವೆ ಮೆಲ್ಲಗೆ ಕೇಳಿಸಿತು: "ಒಳ್ಳೇದೇ ಮಾಡಿದ್ರಿ ಬಿಡಿ. ಉಳಿದ ನಾಲ್ವರು ನಡ್ಕೊಂಡೇ ಬರ್ಲಿ."

ಹವಾಲ್ದಾರರು ಮಸಿಗೈಯಲ್ಲಿ ನಾರು ಹಿಡಿದು ಇನ್ನೂ ಅಲ್ಲೇ ನಿಂತಿದ್ದರು.

"ಓಡೋ!" ಎಂದು ಗದರಿದಳು ಅಜ್ಜಿ. "ಈ ವಯಸ್ಸಲ್ಲಿ ನನ್ನನ್ನ ಸುಳ್ಳುಗಾತಿ ಮಾಡ್ಬೇಡ!"