ಕಡ್ಲಿದಿನ್ನಿ ಬಸ್ಸಿನ ಬೋರ್ಡು

ನಾನು ಒಂದು ತಗಡಿನ ಬೋರ್ಡು. ಎರಡೂವರೆ ಅಡಿ ಉದ್ದ, ಅರ್ಧ ಅಡಿ ಅಗಲ. ಗುಜರಿಗೆ ಹೊರಟಿದ್ದ ಒಂದು ಹಳೆಯ ಬಸ್ಸಿನ ಪಕ್ಕೆಯಿಂದ ನನ್ನನ್ನು ಕತ್ತರಿಸಿದರು. ಹಿರೇಸೂರಿನ ಡಿಪೋದಲ್ಲಿ ಪೇಂಟರ್ ದಾದಾಪೀರ ನನಗೆ ಹಳದಿ ಬಣ್ಣ ಬಳಿದು, ಅದರ ಮೇಲೆ ಕರಿ ಅಕ್ಷರಗಳಲ್ಲಿ ‘ಹಿರೇಸೂರು – ಕಡ್ಲಿದಿನ್ನಿ’ ಎಂದು ಬರೆದ. ಕಡ್ಲಿದಿನ್ನಿಗೆ ಮೊದಲ ಬಸ್ಸು ಹೊರಡುವುದಿತ್ತು. ಬಣ್ಣ ಆರುವ ಮೊದಲೇ ಕಂಡಕ್ಟರ್ ವೀರಬಸಯ್ಯ ನನ್ನನ್ನು ಎತ್ತಿಕೊಂಡು ಹೋದ. ಅವನ ಹೆಬ್ಬೆರಳಿನ ಗುರುತು ಮೂಲೆಯಲ್ಲಿ ಉಳಿಯಿತು.

ನನ್ನ ಜಾಗ ಬಸ್ಸಿನ ಮುಂದಿನ ಗಾಜಿನ ಹಿಂದೆ. ಎದುರಿಗೆ ರಸ್ತೆ ಕಾಣುತ್ತಿತ್ತು, ಒಳಗಿನ ಮಾತು ಬೆನ್ನಿಗೆ ಕೇಳುತ್ತಿತ್ತು. ಹೆದ್ದಾರಿ ಬಿಟ್ಟು ಆರು ಕಿಲೋಮೀಟರ್ ಒಳಗೆ, ಹತ್ತಿ ಹೊಲಗಳ ನಡುವೆ ಕಡ್ಲಿದಿನ್ನಿ. ಮೊದಲ ದಿನ ಹೆಂಗಸರು ಬಸ್ಸಿನ ಮೂತಿಗೆ ಕುಂಕುಮ ಹಚ್ಚಿದರು. ಒಬ್ಬಳು ಒಳಗೆ ಹತ್ತಿ ನನಗೂ ಒಂದು ಬೊಟ್ಟು ಇಟ್ಟಳು.

ಆದರೆ ಬಸ್ಸು ಬರುತ್ತಿದ್ದದ್ದು ಹತ್ತೂವರೆಗೆ. ಹಿರೇಸೂರಿನ ಕಾಲೇಜು ಒಂಬತ್ತಕ್ಕೇ ಶುರುವಾಗುತ್ತಿತ್ತು. ಊರಿನ ಟೇಲರ್ ಕಾಸೀಮಸಾಬನ ಎರಡೂ ಕಿಡ್ನಿ ಕೆಟ್ಟಿದ್ದವು. ಸೋಮವಾರ, ಗುರುವಾರ ಮುಂಜಾನೆ ಎಂಟಕ್ಕೆ ಅವನು ಹಿರೇಸೂರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ಮಲಗಬೇಕು. ತಡವಾದರೆ ಆ ಯಂತ್ರ ಬೇರೆಯವರ ಪಾಲು. ಹೀಗಾಗಿ ಕಾಲೇಜಿನ ಐದು ಹುಡುಗಿಯರು ದಿನಾ, ಕಾಸೀಮಸಾಬ ಮತ್ತು ಅವನ ಹೆಂಡತಿ ರಾಜಾಬಿ ವಾರಕ್ಕೆರಡು ದಿನ ಹೆದ್ದಾರಿಯವರೆಗೆ ನಡೆದು ಹೋಗುತ್ತಿದ್ದರು. ನಾನು ಊರು ಮುಟ್ಟುವಾಗ, ಬಸ್ಸು ನಿಜವಾಗಿ ಬೇಕಾದವರು ಆಗಲೇ ಹೋಗಿರುತ್ತಿದ್ದರು.

ವೀರಬಸಯ್ಯ ಸಮಯ ಬದಲಿಸಿ ಎಂದು ಡಿಪೋದಲ್ಲಿ ಎರಡು ಸಲ ಕೇಳಿದ. ಕಡೆಗೆ ಒಬ್ಬ ಅಧಿಕಾರಿ ಬಸ್ಸು ಹತ್ತಿ ಪ್ರಯಾಣಿಕರನ್ನು ಎಣಿಸಲು ಬಂದರು. ಹತ್ತಿ ಬಿಡಿಸುವ ಕಾಲ, ಊರೆಲ್ಲ ಹೊಲದಲ್ಲಿತ್ತು. ಆ ದಿನ ಹತ್ತಿದವರು ಒಂಬತ್ತು ಮಂದಿ. ಅಧಿಕಾರಿ ಒಂಬತ್ತು ಎಂದು ಬರೆದುಕೊಂಡರು.

“ಏರಿದವ್ರನ್ನ ಅಷ್ಟ ಎಣಿಸಿದ್ರ ಹೆಂಗ್ರಿ ಸಾಹೇಬ್ರ?” ಎಂದ ವೀರಬಸಯ್ಯ. “ಟೈಮ್ ಹೊಂದದ ಏರಲಾರದವ್ರು ಊರಾಗ ಭಾಳ ಮಂದಿ ಅದಾರ.”

“ಖರೇ ಅದ. ಆದ್ರ ಏರಲಾರದವ್ರನ್ನ ಬರಿಯಾಕ ಈ ಫಾರಂನ್ಯಾಗ ಜಾಗಾನ ಇಲ್ಲ.”

ಅವರು ಕೆಟ್ಟವರಾಗಿರಲಿಲ್ಲ. ಬೇಸರದಿಂದಲೇ ಹೇಳಿದರು.

ಮುಂದಿನ ತಿಂಗಳು ಬಸ್ಸು ನಿಂತಿತು. ಕಡೆಯ ದಿನ ವೀರಬಸಯ್ಯ ನನ್ನನ್ನು ಗಾಜಿನ ಹಿಂದಿನಿಂದ ತೆಗೆದು ಅಂಗನವಾಡಿ ಸಹಾಯಕಿ ಫಕೀರವ್ವನ ಕೈಗೆ ಕೊಟ್ಟ. ಡಿಪೋದಲ್ಲಿದ್ದರೆ ನನ್ನ ಮೇಲೆ ಬೇರೆ ಊರಿನ ಹೆಸರು ಬರೆಯುತ್ತಾರೆ, ಮತ್ತೆ ಬಸ್ಸು ಬಂದಾಗ ಇಲ್ಲಿಂದಲೇ ಹಾಕೋಣ ಎಂದ.

ಫಕೀರವ್ವ ಸುಮ್ಮನೆ ಕೂರುವ ಹೆಂಗಸಲ್ಲ. ಏರಲಾರದವರನ್ನು ತಾನೇ ಬರೆಯುತ್ತೇನೆಂದು ಹೊರಟಳು. ಅಂಗನವಾಡಿ ಮುಗಿದ ಮೇಲೆ ದಿನಾ ಮನೆ ಮನೆಗೆ ಹೋಗಿ ಯಾರು, ಎಲ್ಲಿಗೆ, ಎಷ್ಟು ಗಂಟೆಗೆ ಹೋಗಬೇಕು ಎಂದು ಕೇಳಿದಳು. ನಾನು ಅವಳ ಕಂಕುಳಲ್ಲಿರುತ್ತಿದ್ದೆ. ಹಾಳೆ ನನ್ನ ಮೇಲಿಟ್ಟು ಬರೆಯುತ್ತಿದ್ದಳು. ಪೆನ್ನಿನ ಒತ್ತು ನನಗೆ ತಿಳಿಯುತ್ತಿತ್ತು. ಅರವತ್ತೆರಡು ಹೆಸರುಗಳಾದವು.

ನಾವು ಹೋದಾಗ ಕಾಸೀಮಸಾಬ ಹೊಲಿಗೆ ಮಷಿನ್ನಿನ ಮುಂದೆ ಕುಪ್ಪಸಕ್ಕೆ ಹುಕ್ಕು ಹಚ್ಚುತ್ತಿದ್ದ. ಮೊದಲು ಅವನ ಹೆಸರೇ ಬರೆಯುತ್ತೇನೆ ಎಂದಳು ಫಕೀರವ್ವ.

“ನಂದು ಕಡೀಕ ಹಾಕ್ರಿ ಅಕ್ಕಾರ,” ಎಂದ ಅವನು, ಸೂಜಿಯಿಂದ ಕಣ್ಣೆತ್ತದೆ. “ಹುಡ್ಗ್ಯಾರ್ದು ಮೊದ್ಲ ಇರ್ಲಿ. ಅವ್ರು ಭಾಳ ವರ್ಷ ಹೋಗಬೇಕು.”

ಫಕೀರವ್ವ ಆ ಪಟ್ಟಿಯನ್ನೂ ನನ್ನನ್ನೂ ಹಿರೇಸೂರಿನ ಕಚೇರಿಗೆ ಒಯ್ದಳು. ಬಸ್ಸು ಓಡಿದ್ದಕ್ಕೆ ಸಾಕ್ಷಿಯೆಂದು ನನ್ನನ್ನು ಮೇಜಿನ ಮೇಲೆ ಇಟ್ಟಳು. ಅಲ್ಲಿದ್ದವರು ಪಟ್ಟಿ ತೆಗೆದುಕೊಂಡು, ನನ್ನನ್ನು ವಾಪಸ್ ಒಯ್ಯಲು ಹೇಳಿದರು. ಮತ್ತೆ ನಾಲ್ಕು ಸಲ ಹೋದೆವು. ಪಟ್ಟಿ ಮೇಲಿನವರ ಬಳಿ ಇದೆ ಎನ್ನುತ್ತಿದ್ದರು.

ಅಷ್ಟರಲ್ಲಿ ಮಳೆಗಾಲ ಬಂತು. ದಾರಿಯ ಹಳ್ಳ ತುಂಬಿದ ದಿನ ಯಾರಿಗೂ ಹೆದ್ದಾರಿ ಮುಟ್ಟಲಾಗುತ್ತಿರಲಿಲ್ಲ. ದಿನಾ ಒದ್ದೆಯಾಗಿ ಬರುವ ಹುಡುಗಿಯರನ್ನು ನೋಡಿ ಮನೆಯವರು ಸಾಕೆಂದರು. ದೀಪಾವಳಿಯ ಹೊತ್ತಿಗೆ ಐವರಲ್ಲಿ ಒಬ್ಬಳೂ ಕಾಲೇಜಿಗೆ ಹೋಗುತ್ತಿರಲಿಲ್ಲ. ಇಬ್ಬರಿಗೆ ಮದುವೆ ಗೊತ್ತಾಯಿತು. ಕಾಸೀಮಸಾಬನಿಗೆ ಕಾಲು ಊದಿ, ನಡೆದರೆ ಏದುಸಿರು ಹತ್ತುತ್ತಿತ್ತು. ಎರಡು ದಿನದ ಬದಲು ವಾರಕ್ಕೊಮ್ಮೆ ಹೋಗತೊಡಗಿದ.

ಒಂದು ಗುರುವಾರ ಅವನು ದಾರಿಯ ನಡುವೆ ಜಾಲಿ ಮರದ ಕೆಳಗೆ ಕುಳಿತ. ರಾಜಾಬಿ ಅವನನ್ನು ಮರಕ್ಕೆ ಒರಗಿಸಿ, ಗಾಡಿ ತರುತ್ತೇನೆಂದು ಹೆದ್ದಾರಿಗೆ ಓಡಿದಳು. ಒಂದು ಟೆಂಪೋದವನನ್ನು ಕೈಮುಗಿದು ಕರೆತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದೇ ಟೆಂಪೋದಲ್ಲಿ ಅವನನ್ನು ಊರಿಗೆ ತಂದರು. ಫಕೀರವ್ವ ಆ ದಿನ ಒಲೆ ಹಚ್ಚಲಿಲ್ಲ. ನನ್ನನ್ನು ಗೋಡೆಯ ಮೊಳೆಯಿಂದ ಇಳಿಸಿ, ನನ್ನ ಮುಖವನ್ನು ಗೋಡೆಯ ಕಡೆ ತಿರುಗಿಸಿ ಇಟ್ಟಳು.

ನಾಲ್ಕು ತಿಂಗಳ ಮೇಲೆ ಊರ ಮುಂದೆ ಬಸ್ ತಂಗುದಾಣ ಕಟ್ಟಿದರು. ಸಿಮೆಂಟಿನ ಕಟ್ಟೆ, ಮೇಲೆ ತಗಡು. ಬೇಡಿಕೆ ಪರಿಶೀಲಿಸಿ ಮಾಡಿದ್ದು ಎಂದು ಕಟ್ಟಿಸಲು ಬಂದವರು ಹೇಳಿದರಂತೆ. ಬಸ್ಸಿನ ವಿಷಯ ಅವರಿಗೆ ಗೊತ್ತಿರಲಿಲ್ಲ. ಈಗ ಆ ನೆರಳಲ್ಲಿ ಆಡುಗಳು ಮಲಗುತ್ತವೆ. ರಾಜಾಬಿ ಹೊಲಿಗೆ ಮಷಿನ್ ತಂಗಿಯ ಊರಿಗೆ ಸಾಗಿಸಿ, ತಾನೂ ಅಲ್ಲೇ ಉಳಿದಳು.

ಇದೆಲ್ಲ ಆಗಿ ಏಳು ವರ್ಷವಾಯಿತು. ನಾನೀಗ ಫಕೀರವ್ವನ ಕೋಳಿಗೂಡಿನ ಬಾಗಿಲು. ಅಂಚು ತುಕ್ಕು ಹಿಡಿದಿದೆ. ‘ಹಿರೇಸೂರು’ ಅಳಿಸಿಹೋಗಿದೆ.

ಹೋದ ತಿಂಗಳು ಒಬ್ಬಳು ಹುಡುಗಿ ಫೋನು ಹಿಡಿದು ಬಂದಳು. ಹಳ್ಳಿಗಳಿಗೆ ಬಸ್ಸಿನ ಅಗತ್ಯ ಎಷ್ಟಿದೆ ಎಂಬ ಸಮೀಕ್ಷೆ. ಈ ಮನೆಯಿಂದ ಹಿರೇಸೂರಿಗೆ ಎಷ್ಟು ಜನ ಹೋಗುತ್ತೀರಿ ಎಂದು ಕೇಳಿದಳು. ಯಾರೂ ಇಲ್ಲ ಎಂದಳು ಫಕೀರವ್ವ. ಬಸ್ಸು ಬಿಟ್ಟರೆ ಅನುಕೂಲವಾಗುತ್ತದೆಯೇ ಎಂದು ಹುಡುಗಿ ಮತ್ತೆ ಕೇಳಿದಳು.

ಫಕೀರವ್ವ ಮೊರದಲ್ಲಿನ ಜೋಳ ಕೇರುವುದನ್ನು ನಿಲ್ಲಿಸಿದಳು. “ಈಗ ಬಂದ್ರ ಯಾರು ಏರಬೇಕವಾ ಅದನ್ನ?”

ಹುಡುಗಿ ಫೋನಿನಲ್ಲಿದ್ದ ಉತ್ತರಗಳಲ್ಲಿ ‘ಅಗತ್ಯವಿಲ್ಲ’ ಎಂಬುದನ್ನು ಓದಿ, ಅದರ ಮೇಲೆ ಬೆರಳು ಒತ್ತಿದಳು.

ಫಕೀರವ್ವನ ಮೇಲೆ ನನಗೆ ಸಿಟ್ಟಿಲ್ಲ. ಅವಳು ಹೇಳಿದ್ದು ನಿಜ. ಬಸ್ಸು ಬೇಕಾದವರು ಒಬ್ಬೊಬ್ಬರಾಗಿ ಇಲ್ಲವಾಗುವ ತನಕ ಕಾದರೆ, ಯಾವ ಊರಿಗೂ ಬಸ್ಸು ಬೇಕಾಗುವುದಿಲ್ಲ.

ಹುಡುಗಿ ಒಂದು ಚೊಂಬು ನೀರು ಕುಡಿದಳು. ಹೆದ್ದಾರಿಯವರೆಗೆ ಏನಾದರೂ ಗಾಡಿ ಸಿಗುತ್ತದೆಯೇ ಎಂದು ವಿಚಾರಿಸಿದಳು. ಆಮೇಲೆ ದುಪಟ್ಟಾ ತಲೆಗೆ ಹೊದ್ದು, ಬಿಸಿಲಲ್ಲಿ ನಡೆಯತೊಡಗಿದಳು.