ದೋಆಬ್ ಬೀಟ್ಸ್ ಕಪ್ಪು ಅಂಗಿ ತೊಟ್ಟ ಮದುವೆ

ನಮ್ಮ ದಸ್ತಗೀರ್ ಭಾಯ್‌ಗೆ ಹೊಸ ಹುಚ್ಚು ಹಿಡಿದರೆ ಪಾಡು ಪಡುವವರು ನಾವು. ಒಂದು ವರ್ಷ ಎಲ್ಲರೂ ಬೆಲ್ ಬಾಟಮ್ ಹೊಲಿಸಬೇಕೆಂದ. ಹೊಲಿಸಿದೆವು, ಅದರ ತುದಿಗೆ ಕಾಲು ಸಿಕ್ಕಿ ನಾನು ಮಾನ್ವಿಯ ಸ್ಟೇಜಿನಿಂದ ಕೆಳಗೆ ಬಿದ್ದೆ. ಇನ್ನೊಂದು ವರ್ಷ ಸ್ಟೇಜಿನ ಮೇಲೆ ಹೊಗೆ ಬರಬೇಕೆಂದು ಲೋಬಾನದ ಬಟ್ಟಲು ಇಡಿಸಿದ. ಹೊಗೆಯೇನೋ ಬಂತು, ಹಿಂದೆಯೇ ನಮಗೆಲ್ಲ ಕೆಮ್ಮೂ ಬಂತು. ೧೯೮೪ರ ಬೇಸಿಗೆಯಲ್ಲಿ ಹಿಡಿದದ್ದು ಮಾತ್ರ ಬೇರೆ ತರಹದ ಹುಚ್ಚು. ಅದಕ್ಕೆ ಅವನು ಇಟ್ಟ ಹೆಸರು ಕಪ್ಪು ಸಂಗೀತ.

ಎರಡು ನದಿಗಳ ನಡುವಿನ ನಮ್ಮ ದೋಆಬ್ ಸೀಮೆಯ ಮೇಲೆ ಗುಂಪಿಗೆ ಇಟ್ಟ ಹೆಸರು ದೋಆಬ್ ಬೀಟ್ಸ್. ಗುಲಾಮ್ ದಸ್ತಗೀರ್ ಹರೆಯದಲ್ಲಿ ಗಡಿಯಾರದ ಕೆಲಸ ಕಲಿಯಲು ಹೈದರಾಬಾದಿಗೆ ಹೋಗಿ, ಅಲ್ಲಿ ರಾಕ್ ಎಂಬುದನ್ನು ಕೇಳಿ, ಗಡಿಯಾರದ ಜೊತೆಗೆ ಒಂದು ಎಲೆಕ್ಟ್ರಿಕ್ ಗಿಟಾರನ್ನೂ ಹೊತ್ತು ರಾಯಚೂರಿಗೆ ಬಂದ. ಅಲ್ಲಿನ ತೀನ್ ಕಂದೀಲ್ ಸರ್ಕಲ್ ಹತ್ತಿರ ಗಡಿಯಾರದ ಅಂಗಡಿ ಇಟ್ಟ. ಹತ್ತಿ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದ ನನ್ನನ್ನು ಬೇಸ್ ಗಿಟಾರಿಗೆ ಹಿಡಿದುಹಾಕಿದ. ಡ್ರಾಯಿಂಗ್ ಮಾಸ್ತರ ಉರುಕುಂದಪ್ಪ ಅಕಾರ್ಡಿಯನ್‌ಗೆ ಬಂದ. ಮಾನ್ವಿಯಲ್ಲಿ ಬಳೆ ಅಂಗಡಿ ಇಟ್ಟಿದ್ದ ಮೀರಾಹುಸೇನ ಡ್ರಮ್ ಸೆಟ್ಟಿಗೆ ಕೂತ. ಹಾಡುವವನು ದಸ್ತಗೀರನೇ. ಎಪ್ಪತ್ತರ ದಶಕದಲ್ಲಿ ನಾವಿಲ್ಲದೆ ರಾಯಚೂರು, ಮಾನ್ವಿ, ದೇವದುರ್ಗ ಈ ಮೂರು ತಾಲೂಕಿನಲ್ಲಿ ದೊಡ್ಡ ಮದುವೆ ಆಗುತ್ತಿರಲಿಲ್ಲ ಎಂದರೆ ಸ್ವಲ್ಪ ಉಬ್ಬಿಸಿದಂತಾದೀತು, ಆದರೆ ಸುಳ್ಳಲ್ಲ.

ಆಮೇಲೆ ಡಿಸ್ಕೊ ಬಂತು. ಬಣ್ಣದ ಲೈಟು, ಮಿಂಚುವ ಪ್ಯಾಂಟು ಹಾಕಿದ ಹುಡುಗರು ಬಂದರು. ನಮ್ಮನ್ನು ಕರೆಯುವವರು ಕಡಿಮೆಯಾದರು. ನಮಗೆಲ್ಲ ನಲವತ್ತು ದಾಟಿತ್ತು. ಉರುಕುಂದಪ್ಪನಿಗೆ ಮಂಡಿ ನೋವು, ನನಗೆ ಪಿತ್ತ. ದಸ್ತಗೀರನ ಗಂಟಲಂತೂ ತಂಬಾಕಿಗೆ ಎಂದೋ ಆಹುತಿಯಾಗಿತ್ತು. ಕೆಳಗಿನ ಸ್ವರಕ್ಕೆ ಇಳಿದಾಗ ನೀರು ಬತ್ತಿದ ಬಾವಿಯಲ್ಲಿ ಪಂಪ್‌ಸೆಟ್ ಎಳೆದಂತೆ ಕೇಳುತ್ತಿತ್ತು. ಇದು ನಮ್ಮ ಮೂವರಿಗೂ ಗೊತ್ತಿತ್ತು. ಹೇಳುವ ಧೈರ್ಯ ಒಬ್ಬರಿಗೂ ಇರಲಿಲ್ಲ, ಏಕೆಂದರೆ ಗಡಿಯಾರದ ಅಂಗಡಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತ ಆ ಮನುಷ್ಯ ದಿನವಿಡೀ ಕಾಯುತ್ತಿದ್ದುದು ಮೈಕಿನ ಮುಂದೆ ನಿಲ್ಲುವ ಆ ಒಂದು ಗಳಿಗೆಗಾಗಿ.

ಅಂಥ ಹೊತ್ತಿನಲ್ಲಿ ಅವನ ಹೆಂಡತಿಯ ತಮ್ಮ ಬಂದೇನವಾಜ್ ದುಬೈಯಿಂದ ಒಂದು ಕ್ಯಾಸೆಟ್ ತಂದ. ಮೇಲೆ ನಾಲ್ಕು ಜನ ಬಿಳಿಯರ ಚಿತ್ರ: ಕಪ್ಪು ಬಟ್ಟೆ, ಕಣ್ಣ ತುಂಬ ಕಾಡಿಗೆ, ನಿಂತದ್ದು ಗೋರಿಗಳ ನಡುವೆ. ನಾಲ್ವರಿಗೂ ಊಟ ಹಾಕಿ ಬಹಳ ದಿನವಾದಂತಿತ್ತು. ಹಾಕಿ ಕೇಳಿದರೆ ಗಿಟಾರು ಅಳುತ್ತಿದೆ, ಹಾಡುವವನು ಯಾರ ಮೇಲೋ ಮುನಿಸಿಕೊಂಡಿದ್ದಾನೆ. ವಿಲಾಯಿತಿಯಲ್ಲಿ ಈಗ ಇದೇ ನಡೆದಿದೆ, ಡಿಸ್ಕೊ ಮುಗಿಯಿತು, ರಾಯಚೂರಿಗೆ ಇದನ್ನು ಮೊದಲು ತರುವವರು ನಾವೇ ಆಗಬೇಕು ಎಂದು ದಸ್ತಗೀರ ತೀರ್ಪು ಕೊಟ್ಟ. ಮದುವೆ ಮನೆಯಲ್ಲಿ ಇದನ್ನು ಬಾರಿಸಿದರೆ ಜನ ಬಂದ ದಾರಿ ಹಿಡಿದಾರು ಎಂದು ಉರುಕುಂದಪ್ಪ ಅಂದದ್ದನ್ನು ಅವನು ಕಿವಿಗೆ ಹಾಕಿಕೊಳ್ಳಲೇ ಇಲ್ಲ.

ಜಗಳವಾಯಿತು. ಮೀರಾಹುಸೇನ ಡ್ರಮ್ ಮಾರಿಬಿಡುತ್ತೇನೆಂದ. ಉರುಕುಂದಪ್ಪ ಅಕಾರ್ಡಿಯನ್ನಿಗೆ ಬಟ್ಟೆ ಸುತ್ತಿದ. ಆಗ ದಸ್ತಗೀರ ದನಿ ಇಳಿಸಿ, ನಮ್ಮ ಕೈಯಲ್ಲಿದ್ದ ಒಂದೇ ಒಂದು ಕರೆ ದೇವದುರ್ಗದ ಹತ್ತಿ ವ್ಯಾಪಾರಿ ಮಾಳಿಂಗಪ್ಪನ ಮಗನ ಮದುವೆಯದು, ಅಲ್ಲಿ ಒಮ್ಮೆ ತನ್ನ ಮಾತು ನಡೆಸಿಕೊಡಿ ಎಂದು ಕೇಳಿಕೊಂಡ.

"ಮಂದಿ ಎದ್ದು ಹೋದ್ರ ನಾನೇ ಈ ಗಿಟಾರ ಮಾರ್ತೀನಿ. ಬ್ಯಾಂಡ್ ಬಂದ್. ಮತ್ತ ನಿಮ್ಮನ್ನ ಕರಿಯಂಗಿಲ್ಲ" ಎಂದ.

ಹಾಗೆ ಹೇಳುವಾಗ ಅವನು ನಮ್ಮ ಮುಖ ನೋಡಲಿಲ್ಲ. ಒಪ್ಪಿದೆವು.

ಹಾಡನ್ನು ಅವನೇ ಬರೆದ. "ದೀಪ ಆರ್ಯಾದ, ದಾರಿ ಹರದಾದ, ನನ್ನ ನೆರಳ ನನ್ನ ಬಿಟ್ಟು ಹೋಗ್ಯಾದ" ಎಂದು ಶುರು. ದೀಪ ಆರಿದ ಮೇಲೆ ನೆರಳು ಎಲ್ಲಿಂದ ಬಂತು, ಕರೆಂಟಿನ ಆಫೀಸಿಗೆ ಒಂದು ಅರ್ಜಿ ಕೊಟ್ಟರೆ ಸಾಕಲ್ಲ ಎಂದು ಉರುಕುಂದಪ್ಪ ಕೇಳಿದ. ದಸ್ತಗೀರ ಅವನೊಡನೆ ಎರಡು ದಿನ ಮಾತು ಬಿಟ್ಟ. ಮೀರಾಹುಸೇನನಿಗೆ ಇದ್ದ ಅಪ್ಪಣೆ ಒಂದೇ: ನಿಧಾನ, ಇನ್ನೂ ನಿಧಾನ, ಭಾರವಾಗಿ. ಮದುವೆಯ ಕುಣಿತಕ್ಕೆ ಬಾರಿಸಿ ಬಾರಿಸಿ ರೂಢಿಯಾದ ಅವನ ಕೈ ಪದೇ ಪದೇ ಮುಂದೆ ಓಡುತ್ತಿತ್ತು. ದಸ್ತಗೀರ ಪದೇ ಪದೇ ಹಿಂದಕ್ಕೆ ಎಳೆಯುತ್ತಿದ್ದ.

ಮದುವೆಯ ದಿನ ದೇವದುರ್ಗದಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು. ಮುಹೂರ್ತದ ಅಕ್ಕಿಕಾಳು ಮುಗಿದು ಒಂದು ಪಂಕ್ತಿ ಊಟವಾದ ಮೇಲೆ ಹಂದರದಡಿ ನಮ್ಮ ಕಾರ್ಯಕ್ರಮ. ನಾವು ನಾಲ್ವರೂ ಕಪ್ಪು ಅಂಗಿ, ಕಪ್ಪು ಪ್ಯಾಂಟಿನಲ್ಲಿ ಒಲೆಯ ಮೇಲಿಟ್ಟ ಹಂಚಿನ ಹಾಗೆ ಕಾಯುತ್ತಿದ್ದೆವು. ಕಣ್ಣಿಗೆ ಸುರುಮ ಹಚ್ಚಿದ್ದೆವು. ಅಭ್ಯಾಸವಿಲ್ಲದ ಉರುಕುಂದಪ್ಪನ ಕಣ್ಣಿಂದ ನೀರು ಸುರಿದು ಕೆನ್ನೆಯ ಮೇಲೆ ಎರಡು ಕಪ್ಪು ಕಾಲುವೆ ಆಗಿದ್ದವು. ಮಾಳಿಂಗಪ್ಪ ಹತ್ತು ವರ್ಷದ ಹಿಂದೆ ಮಾನ್ವಿಯಲ್ಲಿ ನಮ್ಮ ಕುಣಿಸುವ ಹಾಡು ಕೇಳಿ ಮೆಚ್ಚಿದವನು, ಆ ನೆನಪಿನ ಮೇಲೆ ಕರೆಸಿದ್ದ. ನಮ್ಮನ್ನು ನೋಡಿದವನೇ ಮುಖ ಸಣ್ಣಗೆ ಮಾಡಿ, ದಾರಿಯಲ್ಲಿ ಯಾರ ಮನೆಯಲ್ಲಾದರೂ ಸಾವಾಗಿದೆಯೇ ಎಂದು ಮೆಲ್ಲಗೆ ಕೇಳಿದ.

ಹಾಡು ಶುರುವಾಯಿತು. ಮೊದಲ ಸಾಲಿಗೇ ಮುಂದೆ ಕೂತಿದ್ದ ಕೂಸೊಂದು ಕಿರುಚಿತು. ಎರಡನೆಯ ಸಾಲಿಗೆ ಬೀಗರು ಎಲೆ ಅಡಿಕೆಯ ತಟ್ಟೆ ಹುಡುಕಲು ಎದ್ದರು. ಜಾಲಹಳ್ಳಿಯಿಂದ ಬಂದ ನೆಂಟರು ಬಸ್ಸಿನ ಹೊತ್ತಾಯಿತೆಂದರು. ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ದಸ್ತಗೀರನ ಕೊರಳಿನ ನರ ಉಬ್ಬಿದ್ದವು. ಒಬ್ಬೊಬ್ಬರೇ ಏಳುತ್ತಿರುವುದನ್ನು ಅವನು ನೋಡುತ್ತಿದ್ದ, ನಾನು ಅವನನ್ನು ನೋಡುತ್ತಿದ್ದೆ. ಕೊನೆಯ ಉಪಾಯವೆಂಬಂತೆ ಅವನು ಹಿಂದೆ ತಿರುಗಿ ಮೀರಾಹುಸೇನನಿಗೆ ಕೈಸನ್ನೆ ಮಾಡಿದ: ಇನ್ನೂ ನಿಧಾನ, ಇನ್ನೂ ಭಾರ.

ಮೀರಾಹುಸೇನ ನಿಧಾನ ಮಾಡಿದ. ಅವನಿಗೆ ಅಷ್ಟು ನಿಧಾನದ, ಅಷ್ಟು ಭಾರದ ಬಡಿತ ಒಂದೇ ಒಂದು ಗೊತ್ತಿತ್ತು. ಹುಡುಗನಾಗಿದ್ದಾಗಿನಿಂದ ಮಾನ್ವಿಯಲ್ಲಿ ಮೊಹರಂ ಬಂತೆಂದರೆ ತಾಶಾ ಬಾರಿಸುವವನು ಅವನು. ಪೀರ ದೇವರ ಪಂಜಾ ಹೊತ್ತವನ ಮೈಮೇಲೆ ಆ ದೇವರು ಬರುವುದಕ್ಕೆ ಮುಂಚೆ ಬಾರಿಸುವ ಬಡಿತವೊಂದಿದೆ. ಅದನ್ನು ಸವಾರಿ ಬಡಿತ ಎನ್ನುತ್ತಾರೆ. ನೆಲದೊಳಗಿಂದ ಎದ್ದು ಬಂದಂತೆ ನಿಧಾನವಾಗಿ ಶುರುವಾಗಿ ಏರುತ್ತಾ ಹೋಗುತ್ತದೆ. ಅವನ ತಲೆ ಹಾಡಿನಲ್ಲಿತ್ತು, ಕೈ ಮಾತ್ರ ಹೇಳದೆ ಕೇಳದೆ ಮೊಹರಮ್ಮಿಗೆ ಹೊರಟುಹೋಯಿತು.

ಎದ್ದು ಹೊರಟವರು ಅಲ್ಲೇ ನಿಂತರು. ಒಬ್ಬ ಮುದುಕ ಚಪ್ಪಲಿ ಬಿಟ್ಟ. ಅವನನ್ನು ನೋಡಿ ಪಕ್ಕದವನೂ ಬಿಟ್ಟ. ಹೆಂಗಸರು ಸೆರಗು ತಲೆಗೆ ಎಳೆದುಕೊಂಡರು. ಈ ಸೀಮೆಯಲ್ಲಿ ಆ ಬಡಿತಕ್ಕೆ ಹಿಂದೂ ಮುಸಲ್ಮಾನ ಎಂಬುದಿಲ್ಲ, ಕೇಳಿದರೆ ಕಾಲಿಂದ ಚಪ್ಪಲಿ ತಾನಾಗಿ ಜಾರುತ್ತದೆ. ಆಗಲೇ ಮುಂದಿನ ಸಾಲಿನಲ್ಲಿ ಕೂತಿದ್ದ ಮಾಳಿಂಗಪ್ಪನ ಅಪ್ಪ, ಮದುಮಗನ ಅಜ್ಜ, ಸೂಗಪ್ಪ ಮುತ್ಯಾ ಕುರ್ಚಿಯಲ್ಲಿ ನಡುಗತೊಡಗಿದ. ಆತ ತಮ್ಮ ಓಣಿಯ ಪೀರ ದೇವರನ್ನು ನಲವತ್ತು ವರ್ಷದಿಂದ ಹೊತ್ತವನು. ಒಮ್ಮೆಲೇ ಎದ್ದು ನಿಂತು ಗುಡುಗಿದ. ಸವಾರಿ ಬಂದಿತ್ತು.

ಮೀರಾಹುಸೇನನಿಗೆ ಎಚ್ಚರವಾಗಿ ಕೈ ಎತ್ತಬೇಕೆನ್ನುವಷ್ಟರಲ್ಲಿ ಮಾಳಿಂಗಪ್ಪ ಸ್ಟೇಜಿಗೆ ಓಡಿ ಬಂದು ಅಡ್ಡಬಿದ್ದು, ದಮ್ಮಯ್ಯ ನಿಲ್ಲಿಸಬೇಡಿ ಎಂದು ಬೇಡಿಕೊಂಡ. ಸವಾರಿ ತಾನಾಗಿ ಇಳಿಯುವ ತನಕ ಬಡಿತ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಮನೆತನಕ್ಕೆ ಕೇಡು. ಅದು ಮೀರಾಹುಸೇನನಿಗೂ ಗೊತ್ತಿತ್ತು. ಹಾಗಾಗಿ ಅವನು ಬಾರಿಸಿದ, ನಾವು ನುಡಿಸಿದೆವು, ದಸ್ತಗೀರ ದೀಪ ಆರಿದ ಹಾಡನ್ನು ಮತ್ತೆ ಮೊದಲಿನಿಂದ ಹಾಡಿದ. ಹಂದರ ಕಿಕ್ಕಿರಿಯಿತು. ಅಡುಗೆಯವರು ಸವುಟು ಕೈಯಲ್ಲೇ ಹಿಡಿದು ಬಂದರು. ಊರಿನ ಹರೆಯದವರು ಸುತ್ತು ಕಟ್ಟಿ ಮೊಹರಮ್ಮಿನ ಹೆಜ್ಜೆ ಹಾಕಿದರು. ನಮ್ಮ ಇಡೀ ಆಯುಷ್ಯದಲ್ಲಿ ಅಷ್ಟು ಜನ ಅಷ್ಟು ಭಕ್ತಿಯಿಂದ ನಮ್ಮನ್ನು ಕೇಳಿರಲಿಲ್ಲ.

ಮುತ್ಯಾನ ಕಾಲಿಗೆ ನೀರು ಹಾಕಿ ಜನ ಕೇಳಿಕೆ ಶುರುಮಾಡಿದರು. ಜಾಲಹಳ್ಳಿಯವನೊಬ್ಬ ಕಳೆದುಹೋದ ಎಮ್ಮೆಯನ್ನು ಕೇಳಿದ, ಹಳ್ಳದ ಆಚೆ ನೋಡು ಎಂದಿತು ದೇವರು. ಮಗಳಿಗೆ ರೊಟ್ಟಿ ಬಡಿಯಲು ಬರುವುದಿಲ್ಲ, ಹೇಗೆ ಬಾಳುವೆ ಮಾಡುತ್ತಾಳೆ ಎಂದು ಮದುಮಗಳ ತಾಯಿ ಕೇಳಿದಳು. ಮದುಮಗನಿಗೆ ಬರುತ್ತದೆ, ಕಲಿಸುತ್ತಾನೆ ಎಂದು ದೇವರು ನುಡಿಯಿತು. ಮದುಮಗ ತಲೆ ತಗ್ಗಿಸಿದ.

ಹಾಗೆ ಸುತ್ತುತ್ತಾ ಮುತ್ಯಾ ಸ್ಟೇಜಿನ ಮುಂದೆ ಬಂದು ನಿಂತ. ದಸ್ತಗೀರ ಹಾಡು ನಿಲ್ಲಿಸಿದ. ಮೀರಾಹುಸೇನನ ಬಡಿತ ಮಾತ್ರ ನಡೆದಿತ್ತು. ಮೈಕು ದಸ್ತಗೀರನ ಬಾಯಿಗೇ ಇತ್ತು, ಅವನು ಕೇಳಿದ್ದು ಇಡೀ ಹಂದರಕ್ಕೆ ಕೇಳಿಸಿತು.

"ಯಪ್ಪಾ, ನಮ್ಮ ಬ್ಯಾಂಡ್ ಉಳೀತದೇನು?"

ಮುತ್ಯಾ ಕೆಂಪು ಕಣ್ಣು ಬಿಟ್ಟು ನಮ್ಮ ನಾಲ್ವರನ್ನೂ ಒಬ್ಬೊಬ್ಬರಾಗಿ ನೋಡಿದ. ಉರುಕುಂದಪ್ಪನ ಕೆನ್ನೆಯ ಕಾಲುವೆಗಳ ಮೇಲೆ ಸ್ವಲ್ಪ ಹೊತ್ತು ಹೆಚ್ಚೇ ನಿಂತ. ಕೊನೆಗೆ ದಸ್ತಗೀರನ ಎದೆಯ ಮೇಲೆ ಕೈಯಿಟ್ಟ.

"ಉಳೀತದ. ನಾಕೂ ಮಂದಿ ಕೂಡೇ ಇರ್ರಿ. ಆದ್ರ ನೀ ಹಾಡಬ್ಯಾಡಪಾ. ನಿನಗ ಕೊಟ್ಟಿದ್ದು ಕೈಯಾಗ ಅದ, ಗಂಟಲದಾಗ ಇಲ್ಲ."

ಯಾರೂ ನಗಲಿಲ್ಲ. ಮನುಷ್ಯ ಆ ಮಾತು ಆಡಿದ್ದರೆ ದಸ್ತಗೀರ ಅವನ ಅಪ್ಪ ಅಜ್ಜನನ್ನೆಲ್ಲ ಎಬ್ಬಿಸಿ ಬೈಯುತ್ತಿದ್ದ. ಈಗ ಮೈಕಿನಿಂದ ಹಿಂದೆ ಸರಿದ. ಸುರುಮ ಕರಗಿ ಅವನ ಕೆನ್ನೆಗೂ ಇಳಿಯಿತು, ಅದು ಬೆವರಿಗಲ್ಲವೆಂದು ನನಗೆ ಗೊತ್ತಾಯಿತು. ಆಮೇಲೆ ಮೈಕಿನ ಸ್ಟ್ಯಾಂಡನ್ನು ತಾನೇ ಎತ್ತಿಕೊಂಡು ಹೋಗಿ, ಎತ್ತರ ತಗ್ಗಿಸಿ, ಮೀರಾಹುಸೇನನ ಡ್ರಮ್ಮಿನ ಮುಂದೆ ಇಟ್ಟ. ಬಡಿತ ಇಮ್ಮಡಿಯಾಗಿ ಹಂದರದ ಗಳ ಅದುರಿದವು. ದಸ್ತಗೀರ ತನ್ನ ಜಾಗಕ್ಕೆ ಬಂದು ಬಾಯಿ ಬಿಗಿಹಿಡಿದು ಗಿಟಾರು ಮೀಟಿದ. ಹಾಡಬೇಕಾದದ್ದನ್ನೆಲ್ಲ ಬೆರಳಿಗೆ ತಂದ. ಅವನು ಹಾಗೆ ನುಡಿಸಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮುತ್ಯಾ ಕೂಡ ಹೆಜ್ಜೆ ಹಾಕಿ ಹಾಕಿ ಸುಸ್ತಾದ, ಸವಾರಿ ಇಳಿಯಿತು. ಆದರೂ ಜನ ಬಿಡಲೊಲ್ಲರು. ಗದ್ದಲದಲ್ಲೇ ಜಾಲಹಳ್ಳಿಯವರು ಮುಂದಿನ ವಾರದ ತಮ್ಮ ಮದುವೆಗೆ ಬರಬೇಕೆಂದು ಉರುಕುಂದಪ್ಪನ ಕೈ ಹಿಡಿದು ಹೇಳಿದರು.

ಊಟಕ್ಕೆ ಕೂತಾಗ ನನ್ನ ಪಕ್ಕದ ಎಲೆ ಸೂಗಪ್ಪ ಮುತ್ಯಾನದೇ. ಹೋಳಿಗೆಗೆ ತುಪ್ಪ ಕಲಸುತ್ತಾ, ನಿಮ್ಮ ಹಾಡುವವನ ಗಂಟಲು ಹೋಗಿ ಎಷ್ಟು ವರ್ಷವಾಯಿತು, ಪಾಪ, ಯಾರೂ ಹೇಳಲಿಲ್ಲವೇ ಎಂದು ಕೇಳಿದ. ಸವಾರಿ ಬಂದವನಿಗೆ ಆಗ ನಡೆದದ್ದು ಆಮೇಲೆ ಏನೂ ನೆನಪಿರುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅದಕ್ಕೂ ಮೊದಲು ಆತ ಮುಂದಿನ ಸಾಲಿನಲ್ಲೇ ಕೂತು ಹಾಡು ಕೇಳಿದ್ದನಲ್ಲ, ಅದು ನೆನಪಿರಬಹುದು. ನಾನು ತಲೆ ತಗ್ಗಿಸಿ ಹೋಳಿಗೆ ತಿಂದೆ.

ಸಂಜೆ ಟೆಂಪೊದಲ್ಲಿ ರಾಯಚೂರಿನ ಕಡೆ ಹೊರಟೆವು. ಊರು ದಾಟಿದ ಮೇಲೆ ದಸ್ತಗೀರ ನನ್ನ ಕಡೆ ವಾಲಿದ.

"ಖರೇ ಹೇಳು ವೆಂಕಣ್ಣ. ಮುತ್ಯಾನ ಮೈಯಾಗ ದೇವರು ಬಂದಿತ್ತೇನು?"

"ಬಂದಿತ್ತು ಭಾಯ್" ಎಂದೆ.

"ಹಂಗಾದ್ರ ಆತು ಬಿಡು. ಮನಷ್ಯಾರು ಹೇಳಿದ್ರ ನಾ ಕೇಳ್ತಿದ್ದಿಲ್ಲ" ಎಂದು ಅವನು ಗಿಟಾರನ್ನು ತೊಡೆಯ ಮೇಲೆ ಎಳೆದುಕೊಂಡ. ಹತ್ತು ವರ್ಷದಿಂದ ಅದೇ ಮಾತನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ನುಂಗುತ್ತಾ ಬಂದಿದ್ದ ಉರುಕುಂದಪ್ಪ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ದೇವದುರ್ಗದ ದಿಕ್ಕಿಗೆ ಕೈಮುಗಿದ.